ಹುಳುಕು ಹಲ್ಲೂ ಅರಸಿಯ ಕೆರೆಯೂ

ಕೊಳೆತ ಹಲ್ಲಿಗೆ ಕನ್ನಡದಲ್ಲಿ ‘ಹುಳುಕು ಹಲ್ಲು’ ಎಂದು ಹೆಸರು. ಹಲ್ಲನ್ನು ಹುಳು ಕೊರೆಯುತ್ತದೆಂಬ ಹಳೆಯ ನಂಬಿಕೆ ಆ ಮಾತಿನೊಳಗೇ ಅಡಗಿದೆ. ಈ ನಂಬಿಕೆ ನಮ್ಮದು ಮಾತ್ರವಲ್ಲ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿಯೂ ಆ ಹುಳುವಿನ ಕಥೆಯಿದೆ. ಸುಶ್ರುತ ಸಂಹಿತೆಯಲ್ಲಿ ಈ ರೋಗಕ್ಕೆ ‘ಕೃಮಿದಂತ’ ಎಂದೇ ಹೆಸರು. ಫ್ರಾನ್ಸಿನ ದಂತವೈದ್ಯ ಪಿಯೇರ್ ಫೋಷಾರ್ 1728ರಲ್ಲಿ ಹುಳುವನ್ನು ಅಲ್ಲಗಳೆದನು. ಬರ್ಲಿನ್ನಿನಲ್ಲಿ ನೆಲಸಿದ್ದ ಅಮೆರಿಕದ ಮಿಲ್ಲರ್ 1890ರಲ್ಲಿ ನಿಜವಾದ ಕಾರಣವನ್ನು ಮುಂದಿಟ್ಟನು: ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನೂ ಹಿಟ್ಟಿನ ಪದಾರ್ಥಗಳನ್ನೂ ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಅಜ್ಜಿಯರ ಮಾತು ಪೂರಾ ಸುಳ್ಳೇನೂ ಆಗಲಿಲ್ಲ, ಹುಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಯಿತು, ಅಷ್ಟೆ.

ಈ ಕೊಳೆತ ಹಲ್ಲಿನ ಮೈಯೆಲ್ಲವನ್ನೂ ಒಂದೇ ಸಮನಾಗಿ ಹಿಡಿಯುವುದಿಲ್ಲ. ಬೇಲೂರು ಹಳೇಬೀಡುಗಳ ಗುಡಿಗಳನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಬಳಪದ ಕಲ್ಲಿನ ನುಣುಪಾದ ಕಂಬವನ್ನು ಒಮ್ಮೆ ಒರಸಿದರೆ ಸಾಕು. ಮದನಿಕೆಯ ಆಭರಣಗಳ ಸಂದಿನಲ್ಲಿ ಕುಳಿತ ಧೂಳು ಬಟ್ಟೆಗೆ ಸಿಕ್ಕುವುದಿಲ್ಲ. ದವಡೆ ಹಲ್ಲಿನ ಸೀಳುಗಳೂ ಹಾಗೆಯೇ. ಎಷ್ಟೋ ಸೀಳುಗಳು ಬ್ರಷ್ಷಿನ ಒಂದು ಎಳೆಗಿಂತಲೂ ಕಿರಿದು. ಬೇವಿನ ಕಡ್ಡಿಗಾಗಲಿ, ನಂಜನಗೂಡಿನ ಹಲ್ಲುಪುಡಿಗಾಗಲಿ, ಇಂದಿನ ಪೇಸ್ಟಿಗಾಗಲಿ ಅಲ್ಲಿಗೆ ದಾರಿಯಿಲ್ಲ.

ದಾರಿಯಿಲ್ಲದಿದ್ದರೆ ಸೀಳನ್ನೇ ಮುಚ್ಚಿಬಿಡಬಾರದೇಕೆ? 1923ರಲ್ಲಿ ಹಯಾಟ್ ಎಂಬಾತ, ಕೊಳೆಯುವ ಮೊದಲೇ ಸೀಳನ್ನು ಕೊರೆದು ತುಂಬಿಬಿಡಬೇಕೆಂದನು. ಕಳ್ಳ ಬರುವ ಮುಂಚೆ ಮನೆಯವರೇ ಗೋಡೆ ಒಡೆದುಕೊಂಡ ಹಾಗೆ! ಕೊರೆಯದೆ ಮುಚ್ಚೋಣವೆಂದರೆ ಒದ್ದೆ ಬಾಯಿಯಲ್ಲಿ ಯಾವ ಅಂಟೂ ನಿಲ್ಲದು. ಈ ಗಂಟನ್ನು ಬಿಡಿಸಿದವನು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನ ಮೈಕೆಲ್ ಬ್ಯೂನೊಕೋರ್. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಹಲ್ಲಿಗೂ ಅದನ್ನೇ ಸವರಿದರೆ? 1955ರಲ್ಲಿ ಅವನು ಪ್ರಕಟಿಸಿದ ಲೇಖನ ಇದೇ ಪ್ರಯೋಗದ ವರದಿ. ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ಎನಾಮಲ್ಲಿನ ಮೇಲೆ ಕಣ್ಣಿಗೆ ಕಾಣದ ತರಿ ಏಳುತ್ತದೆ. ರಾಳ ಆ ತರಿಗಳೊಳಕ್ಕೆ ಇಳಿದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಲ್ಲನ್ನು ಕೆಡಿಸುವ ಆಮ್ಲವೇ ಅದರ ರಕ್ಷಣೆಗೂ ಬಂತು. 1962ರಲ್ಲಿ ಬೋವೆನ್ ಒಳ್ಳೆಯ ರಾಳವೊಂದನ್ನು ಕೊಟ್ಟನು. 1971ರಲ್ಲಿ ಅತಿನೇರಳೆ ಬೆಳಕಿನಿಂದ ಗಟ್ಟಿಯಾಗುವ ‘ನ್ಯೂವಾ-ಸೀಲ್’ ಮಾರುಕಟ್ಟೆಗೆ ಬಂತು. ಇಂದು ನೀಲಿ ಬೆಳಕು ಸಾಕು. ಸೂಜಿಯಿಲ್ಲ, ಕೊರೆತವಿಲ್ಲ, ಮಗುವಿಗೆ ಅಳುವ ಕಾರಣವಿಲ್ಲ.

ಇದಕ್ಕೂ ಅರಸೀಕೆರೆಗೂ ಏನು ನಂಟು? ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರೆಂದು ಪ್ರತೀತಿ. ಮಳೆನೀರು ತುಂಬಿದ ಕೆರೆಗಳಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಕೆರೆ ಬತ್ತಿ, ಕೊಳವೆ ಬಾವಿಗಳು ಬಂಡೆಯ ಬಿರುಕುಗಳವರೆಗೆ ಇಳಿದ ಮೇಲೆ ನೀರಿನ ಜೊತೆಗೆ ಫ್ಲೋರೈಡೂ ಮೇಲಕ್ಕೆ ಬಂತು. ಹಾಸನ ಜಿಲ್ಲೆಯ ಈ ಬಯಲು ಸೀಮೆಯ ತಾಲ್ಲೂಕಿಗೆ ಅದೊಂದು ತಲೆನೋವಾಯಿತು. ನಮ್ಮ ದೇಶದಲ್ಲಿ ಈ ತೊಂದರೆ ವೈದ್ಯರ ಕಣ್ಣಿಗೆ ಮೊದಲು ಬಿದ್ದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ ಒಂದೂವರೆ. ಅದನ್ನು ಮೀರಬಾರದೆಂದು ಭಾರತದ ಮಾನಕ. ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ಊರಿನವರು 1945ರಲ್ಲಿ ಹುಳುಕು ತಡೆಯಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸತೊಡಗಿದರು. ನಾವು ಅದನ್ನು ತೆಗೆಯಲು ಹೆಣಗುತ್ತಿದ್ದೇವೆ. ಕುದಿಸಿದರೆ ಅದು ಹೋಗುವುದಿಲ್ಲ.

ಹಲ್ಲು ಮೂಡುವ ವಯಸ್ಸಿನಲ್ಲಿ ಅತಿಯಾಗಿ ಒಳಹೊಕ್ಕ ಫ್ಲೋರೈಡ್ ಕಂದು ಕಲೆ ಬಿಡುತ್ತದೆ. ಈ ಕಲೆಯನ್ನು ಜನ ಹುಳುಕೆಂದು ತಿಳಿಯುವುದುಂಟು. ಇನ್ನು ಕೆಲವರು, ಫ್ಲೋರೈಡ್ ಇರುವ ಊರಿನಲ್ಲಿ ಹುಳುಕಿನ ಭಯವೇ ಇಲ್ಲವೆನ್ನುತ್ತಾರೆ. ಎರಡೂ ತಪ್ಪು. ಫ್ಲೋರೈಡಿನ ಕಾವಲು ಹಲ್ಲಿನ ನುಣುಪು ಭಾಗಕ್ಕೇ ಹೆಚ್ಚು, ಸೀಳುಗಳಿಗೆ ಕಡಿಮೆ. ಆದುದರಿಂದ ಲೇಪ ಅಲ್ಲಿಯೂ ಬೇಕು. ಆದರೆ ಅಂಥ ಎನಾಮಲ್ ಆಮ್ಲಕ್ಕೆ ಬೇಗ ಮಣಿಯದು. ದಂತವೈದ್ಯರು ಕೆಲವೊಮ್ಮೆ ಹೆಚ್ಚು ಹೊತ್ತು ಆಮ್ಲ ಹಚ್ಚಬೇಕಾಗುತ್ತದೆ.

ಲೇಪದ ಕೆಳಗೆ ಕೊಳೆತ ಉಳಿದರೆ ಗತಿಯೇನು ಎಂಬ ಅಂಜಿಕೆ ಬಹುಕಾಲವಿತ್ತು. ಅಮೆರಿಕದ ಮೆರ್ಟ್ಸ್-ಫೇರ್‌ಹರ್ಸ್ಟ್ ಮತ್ತು ಸಂಗಡಿಗರು ಹತ್ತು ವರ್ಷ ಕಾದು, 1998ರಲ್ಲಿ ಉತ್ತರ ಕೊಟ್ಟರು: ಮುಚ್ಚಳ ಭದ್ರವಾಗಿದ್ದರೆ ಆಹಾರವಿಲ್ಲದ ಕ್ರಿಮಿಗಳ ಕೆಲಸ ನಿಲ್ಲುತ್ತದೆ. ಮುಚ್ಚಳ ಕಿತ್ತುಹೋಗಿದೆಯೇ ಎಂದು ಆಗಾಗ ತೋರಿಸುತ್ತಿರಬೇಕು, ಹಲ್ಲುಜ್ಜುವುದನ್ನಂತೂ ಬಿಡುವಂತಿಲ್ಲ.

ತಡವಾಗುವುದು ಬಹುಪಾಲು ಮನೆಯಲ್ಲೇ. ಮೊದಲ ದೊಡ್ಡ ದವಡೆ ಹಲ್ಲು ಆರನೆಯ ವಯಸ್ಸಿನ ಸುಮಾರಿಗೆ, ಯಾವ ಹಾಲುಹಲ್ಲನ್ನೂ ಬೀಳಿಸದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಬೀಳುವ ಹಲ್ಲು ತಾನೇ ಎಂದು ತಂದೆತಾಯಿಗಳು ಸುಮ್ಮನಿರುತ್ತಾರೆ. ಅದು ಬೀಳುವ ಹಲ್ಲಲ್ಲ. ಲೇಪ ಹಚ್ಚಬೇಕಾದುದು ಮೊದಲು ಅದಕ್ಕೇ.