ಬೈಕ್‌ಗೆ ಯಾವ ಕೂಲಂಟ್? ಬಣ್ಣ ನೋಡಿ ಕೊಳ್ಳಬಹುದೇ, ಬೋರ್ ನೀರು ಹಾಕಬಹುದೇ?

"ಕೂಲಂಟ್ ಅಂದರೆ ಬಣ್ಣ ಹಾಕಿದ ನೀರು, ಬೋರ್ ನೀರು ಹಾಕಿದರೂ ಗಾಡಿ ಓಡುತ್ತದೆ." "ಹಸಿರು ಬೈಕ್‌ಗೆ, ಕೆಂಪು ಕಾರಿಗೆ." "ನೀರು ಬೆರೆಸದೆ ಗಟ್ಟಿ ಕೂಲಂಟ್ ಹಾಕಿದರೆ ಇಂಜಿನ್ ಇನ್ನೂ ತಂಪಾಗಿರುತ್ತದೆ." ಬೇಸಿಗೆ ಬಂತೆಂದರೆ ಬೈಕ್ ಸವಾರರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಸುತ್ತುತ್ತಲೇ ಇರುತ್ತವೆ. ಮೂರೂ ತಪ್ಪು. ಅದರಲ್ಲೂ ಮೊದಲನೆಯದನ್ನು ನರಗುಂದದಂಥ ಊರಿನಲ್ಲಿ ನಂಬಿದರೆ ಅದರ ಬೆಲೆ ಬೇಗ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಪ್ರಶ್ನೆ: ನಿಮ್ಮ ಬೈಕ್‌ಗೆ ಕೂಲಂಟ್ ಬೇಕೇ? ಸ್ಪ್ಲೆಂಡರ್‌ನಂಥ ಗಾಡಿಗಳ ಇಂಜಿನ್ ಗಾಳಿಯಿಂದಲೇ ತಣಿಯುತ್ತದೆ. ಹಳೆಯ ಹಿಮಾಲಯನ್ 411, ಪಲ್ಸರ್ 220 ಇವುಗಳ ಮುಂದೆ ಪುಟ್ಟ ರೇಡಿಯೇಟರ್‌ನಂತೆ ಕಾಣುವ ಜಾಲರಿ ಇದೆ, ಆದರೆ ಅದು ಆಯಿಲ್ ಕೂಲರ್. ಅದರೊಳಗೆ ಹರಿಯುವುದು ಇಂಜಿನ್ ಆಯಿಲ್, ಅಲ್ಲಿ ಕೂಲಂಟ್‌ಗೆ ಕೆಲಸವಿಲ್ಲ. ಕೂಲಂಟ್ ಬೇಕಾಗುವುದು ಲಿಕ್ವಿಡ್ ಕೂಲ್ಡ್ ಗಾಡಿಗಳಿಗೆ: ಡೊಮಿನಾರ್ 400, ಕೆಟಿಎಂ 390 ಅಡ್ವೆಂಚರ್, ಯಮಹಾ ಆರ್15, 2023ರಲ್ಲಿ ಬಂದ ಹಿಮಾಲಯನ್ 450, ಹೀಗೆ. ದೂರ ಪ್ರಯಾಣಕ್ಕೆಂದು ಈಗ ಜನ ಕೊಳ್ಳುತ್ತಿರುವ ಬೈಕ್‌ಗಳಲ್ಲಿ ಹಲವು ಈ ಗುಂಪಿಗೇ ಸೇರುತ್ತವೆ.

ಬೋರ್ ನೀರು ಯಾಕೆ ಬೇಡ

ಗದಗ ಜಿಲ್ಲೆಯ ಬಹಳಷ್ಟು ಕಡೆ ಅಂತರ್ಜಲ ಗಡಸು, ಕೆಲವೆಡೆ ಸವುಳು. ಫ್ಲೋರೈಡ್ ಸಮಸ್ಯೆಯೂ ಇದೆ. ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿರುವುದಕ್ಕೆ ಇದೇ ಕಾರಣ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟಿರುವುದನ್ನು ನೋಡಿದ್ದೀರಲ್ಲ, ಅದು ನೀರು ಕಾದಾಗ ಹೊರಬಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್. ರೇಡಿಯೇಟರ್‌ನೊಳಗೂ ನೀರು ದಿನವೂ ಕಾಯುತ್ತದೆ, ಪದರ ಅಲ್ಲೂ ಕಟ್ಟುತ್ತದೆ. ಬೈಕ್ ರೇಡಿಯೇಟರ್‌ನ ಕೊಳವೆಗಳು ಬಲು ಸಣ್ಣವು. ಪದರ ತೆಳುವಾಗಿದ್ದರೂ ಶಾಖ ಹೊರಹೋಗಲು ಅಡ್ಡಿ ಮಾಡುತ್ತದೆ, ದಪ್ಪವಾದರೆ ದಾರಿಯೇ ಮುಚ್ಚುತ್ತದೆ. ಜೊತೆಗೆ ಸವುಳು ನೀರಿನ ಕ್ಲೋರೈಡ್ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಬೈಕ್‌ನ ಸಿಲಿಂಡರ್ ಹೆಡ್ ಮತ್ತು ರೇಡಿಯೇಟರ್ ಎರಡೂ ಸಾಮಾನ್ಯವಾಗಿ ಅಲ್ಯುಮಿನಿಯಂನವೇ.

ಹಾಗಾದರೆ ಆರ್‌ಒ ನೀರು? ಬೋರ್ ನೀರಿಗಿಂತ ಎಷ್ಟೋ ವಾಸಿ, ಆದರೆ ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಹಾಕಿ ಊರು ಮುಟ್ಟಬಹುದು. ನಂತರ ಬದಲಿಸುವುದು ಒಳ್ಳೆಯದು. ಕೂಲಂಟ್‌ಗೆ ಬೆರೆಸಲು ಸರಿಯಾದದ್ದು ಡಿಸ್ಟಿಲ್ಡ್ ಅಥವಾ ಡೀಮಿನರಲೈಸ್ಡ್ ನೀರು, ಅಂದರೆ ಅಂಗಡಿಯಲ್ಲಿ "ಬ್ಯಾಟರಿ ನೀರು" ಎಂದು ಕೇಳಿ ತರುವಂಥದ್ದು. ಡಬ್ಬಿಯ ಮೇಲೆ ಓದಿಕೊಳ್ಳಿ. ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಡಬ್ಬಿಯಲ್ಲಿ ಪಕ್ಕದಲ್ಲೇ ಇರುತ್ತದೆ.

ಗಟ್ಟಿ ಹಾಕಿದರೆ ಹೆಚ್ಚು ತಂಪೇ?

ಇಲ್ಲ, ಉಲ್ಟಾ. ಬಹುಪಾಲು ಕೂಲಂಟ್‌ಗಳ ಮೂಲವಸ್ತು ಎಥಿಲೀನ್ ಗ್ಲೈಕಾಲ್. ಶಾಖ ಹೊರುವ ಶಕ್ತಿಯಲ್ಲಿ ನೀರನ್ನು ಮೀರಿಸಿದ ದ್ರವ ಸಿಗುವುದೇ ಕಷ್ಟ. ಗ್ಲೈಕಾಲ್‌ಗೆ ಆ ಶಕ್ತಿ ನೀರಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಮೇಲಾಗಿ ಅದು ಮಂದ ದ್ರವ. ಹಾಗಾಗಿ ಬರೀ ಗ್ಲೈಕಾಲ್ ತುಂಬಿದರೆ ಇಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಹೆಪ್ಪುಗಟ್ಟುವ ವಿಷಯದಲ್ಲೂ ಇದೇ ಕಥೆ: ಶುದ್ಧ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಗೆ ಗಟ್ಟಿಯಾಗುತ್ತದೆ, ಅರ್ಧಕ್ಕರ್ಧ ನೀರು ಬೆರೆಸಿದರೆ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ.

ಮೈನಸ್ ಲೆಕ್ಕ ನರಗುಂದದವರಿಗೆ ಯಾಕೆ ಎನ್ನಬಹುದು. ಏಪ್ರಿಲ್‌ನಲ್ಲಿ 40 ಡಿಗ್ರಿಯ ಆಸುಪಾಸಿನ ಬಿಸಿಲಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಓಡಿಸುವವರಿಗೆ ಬೇಕಾದದ್ದು ಕುದಿಯುವ ಲೆಕ್ಕ. ಅರ್ಧಕ್ಕರ್ಧ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡ ಹಿಡಿದಿಡುವುದರಿಂದ ಈ ಮಟ್ಟ 120 ದಾಟುತ್ತದೆ. ಲಡಾಖ್‌ಗೆ ಹೊರಟವರಿಗಂತೂ ಎರಡೂ ಲೆಕ್ಕ ಬೇಕು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ತೆರೆದ ಪಾತ್ರೆಯ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ರಾತ್ರಿ ಅದೇ ನೀರು ಹೆಪ್ಪುಗಟ್ಟಬಹುದು.

"ರೇಸ್ ಬೈಕ್‌ಗಳಿಗೆ ಬರೀ ನೀರೇ ಹಾಕುತ್ತಾರೆ" ಎಂಬ ಮಾತು ಮಾತ್ರ ಬಹಳಮಟ್ಟಿಗೆ ನಿಜ. ಕಾರಣ ಬೇರೆ: ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ಹಿಂದೆ ಬರುವವರು ಬೀಳುತ್ತಾರೆ. ಆ ಇಂಜಿನ್‌ಗಳನ್ನು ಪದೇಪದೇ ಬಿಚ್ಚಿ ನೋಡುತ್ತಾರೆ, ನಮ್ಮವು ವರ್ಷಗಟ್ಟಲೆ ಮುಚ್ಚಿಯೇ ಇರುತ್ತವೆ.

ಬಣ್ಣ ಏನು ಹೇಳುತ್ತದೆ?

ಹೆಚ್ಚೇನೂ ಇಲ್ಲ. ಬಣ್ಣ ಹಾಕುವುದು ಸೋರಿಕೆ ಕಾಣಲಿ, ಕುಡಿಯುವ ನೀರೆಂದು ಯಾರೂ ತಪ್ಪಿಕೊಳ್ಳದಿರಲಿ ಎಂದು. ಎಲ್ಲ ಕಂಪನಿಗಳೂ ಪಾಲಿಸುವ ಬಣ್ಣದ ನಿಯಮವಿಲ್ಲ. ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಿಗೆ ಸಮವಲ್ಲ.

ನೋಡಬೇಕಾದದ್ದು ತುಕ್ಕು ತಡೆಯುವ ರಾಸಾಯನಿಕಗಳನ್ನು. ಹಳೆಯ ಮಾದರಿಯ ಕೂಲಂಟ್‌ಗಳಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥ ಲವಣಗಳಿರುತ್ತವೆ, ಅವು ಸುಮಾರು ಎರಡು ವರ್ಷಕ್ಕೆ ಸೋಲುತ್ತವೆ. ಸಾವಯವ ಆಮ್ಲ ಬಳಸುವ ಒಎಟಿ ಮಾದರಿಯವು ಹೆಚ್ಚು ಕಾಲ ಬರುತ್ತವೆ. ಜಪಾನಿ ಬೈಕ್ ಕಂಪನಿಗಳು ಸಿಲಿಕೇಟ್ ಇಲ್ಲದ್ದನ್ನೇ ಹೇಳುವುದು ವಾಡಿಕೆ. ಅದು ಕೆಲವೊಮ್ಮೆ ಅಂಟಿನಂತಾಗಿ ಕೊಳವೆಗೆ ಕಟ್ಟುತ್ತದೆ, ನೀರಿನ ಪಂಪ್‌ನ ಸೀಲ್ ಸವೆಸುತ್ತದೆ ಎಂಬುದು ಕಾರಣ. ಯುರೋಪಿನವರು ಫಾಸ್ಫೇಟ್ ದೂರವಿಡುತ್ತಾರೆ, ಏಕೆಂದರೆ ಅಲ್ಲಿನ ಗಡಸು ನೀರಿನೊಂದಿಗೆ ಅದು ಸೇರಿ ಗಸಿ ಕಟ್ಟುತ್ತದೆ. ನಮ್ಮ ಕಡೆಯ ನೀರೂ ಅದೇ ಜಾತಿಯದು ಎಂಬುದನ್ನು ನೆನಪಿಡಿ.

ಹಾಗಾಗಿ ಬೈಕ್ ಜೊತೆ ಬಂದ ಮ್ಯಾನುಯಲ್ ತೆಗೆದು ಯಾವ ಮಾದರಿ, ಎಷ್ಟು ತಿಂಗಳಿಗೆ ಬದಲಾವಣೆ ಎಂದು ನೋಡಿ. ಡಬ್ಬಿಯ ಮೇಲೆ ಎಎಸ್‌ಟಿಎಂ ಡಿ 3306 ಅಥವಾ ಜೆಐಎಸ್ ಕೆ 2234ರಂಥ ಮಾನದಂಡದ ಉಲ್ಲೇಖವಿದ್ದು, ಅಲ್ಯುಮಿನಿಯಂ ಇಂಜಿನ್‌ಗೆ ಸೂಕ್ತ ಎಂದಿದ್ದರೆ ಅದು ಬಣ್ಣಕ್ಕಿಂತ ನಂಬಬಹುದಾದ ಗುರುತು. "ರೆಡಿ ಟು ಯೂಸ್" ಎಂದಿದ್ದರೆ ನೀರು ಬೆರೆಸಬೇಡಿ, "ಕಾನ್ಸಂಟ್ರೇಟ್" ಎಂದಿದ್ದರೆ ಬೆರೆಸಲೇಬೇಕು. ಬೆರೆಸುವ ತಲೆನೋವು ಬೇಡ, ನೀರಿನ ಅನುಮಾನವೂ ಬೇಡ ಎನ್ನುವವರಿಗೆ ಮೊದಲನೆಯದೇ ವಾಸಿ. ದುಡ್ಡು ಸ್ವಲ್ಪ ಹೆಚ್ಚಾದರೂ ಇಲ್ಲಿನವರಿಗೆ ನಾವು ಅದನ್ನೇ ಹೇಳುತ್ತೇವೆ. ಹಳೆಯದು ಯಾವುದೆಂದು ಗೊತ್ತಿಲ್ಲದಿದ್ದರೆ ಅದರ ಮೇಲೆ ಹೊಸದನ್ನು ಸುರಿಯದೆ, ಪೂರ್ತಿ ಇಳಿಸಿ, ಡಿಸ್ಟಿಲ್ಡ್ ನೀರಿನಿಂದ ತೊಳೆಸಿ ತುಂಬಿಸಿ.

ಕೂಲಂಟ್ ಸರಿಯಿದ್ದೂ ಗಾಡಿ ಬಿಸಿಯಾದರೆ ರೇಡಿಯೇಟರ್ ಮುಂಭಾಗ ನೋಡಿ. ಮಳೆಯಲ್ಲಿ ಹೊಲದ ದಾರಿ ತುಳಿದ ಬೈಕ್‌ಗೆ ಎರೆಮಣ್ಣು ಮೆತ್ತಿ, ಒಣಗಿ, ಗಾಳಿಯ ಸಂದುಗಳನ್ನು ಮುಚ್ಚಿರುತ್ತದೆ. ನೆನೆಸಿ, ಸಣ್ಣ ಧಾರೆಯಲ್ಲಿ ತೊಳೆಯಿರಿ. ವಾಷಿಂಗ್ ಸೆಂಟರ್‌ನ ಜೋರು ಧಾರೆಯನ್ನು ಹತ್ತಿರದಿಂದ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಎರಡು ಅಪಾಯಗಳು

ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒತ್ತಡ ಇಳಿದ ಕ್ಷಣವೇ ದ್ರವ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ದೀಪ ಹೊತ್ತಿದರೆ ನೆರಳಲ್ಲಿ ನಿಲ್ಲಿಸಿ, ಇಂಜಿನ್ ಪೂರ್ತಿ ಆರುವವರೆಗೆ ಕಾಯಿರಿ. ದಿನನಿತ್ಯದ ಮಟ್ಟ ನೋಡಲು ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ. ಇಂಜಿನ್ ತಣ್ಣಗಿರುವಾಗ ಗಾಡಿ ನೇರ ನಿಲ್ಲಿಸಿ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಎರಡು ಗೆರೆಗಳ ನಡುವೆ ದ್ರವ ಇದೆಯೇ ನೋಡಿದರೆ ಸಾಕು.

ಎರಡನೆಯದು ಇನ್ನೂ ಗಂಭೀರ. ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಮಕ್ಕಳು, ನಾಯಿ, ದನ ಕುಡಿಯಬಹುದು. ಮೊದಲು ಅಮಲೇರಿದಂತೆ ಕಾಣುತ್ತದೆ, ಬಳಿಕ ದೇಹದಲ್ಲಿ ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡ ಕೆಡುತ್ತದೆ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ, ಇಳಿಸಿದ್ದನ್ನು ಹಿತ್ತಲಿಗೋ ಚರಂಡಿಗೋ ಚೆಲ್ಲದೆ ಮುಚ್ಚಿದ ಡಬ್ಬಿಯಲ್ಲಿ ಸರ್ವಿಸ್ ಸೆಂಟರ್‌ಗೆ ಕೊಡಿ. ಯಾರಾದರೂ ಕುಡಿದರೆ ಮನೆಮದ್ದು, ವಾಂತಿ ಮಾಡಿಸುವುದು ಯಾವುದೂ ಬೇಡ. ಲಕ್ಷಣ ಕಾಣುವವರೆಗೆ ಕಾಯದೆ, ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ. ಇದಕ್ಕೆ ಪ್ರತಿವಿಷವಿದೆ, ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ.