ಆಲೂಗಡ್ಡೆ ತೋಪು ಮತ್ತು ಮೈಸೂರಿನ ಕಬ್ಬಿಣದ ಕೊಳವೆ

ತೋಪು ಅಂದ ಕೂಡಲೇ ಮೈಸೂರಿನವರಿಗೆ ನೆನಪಾಗೋದು ಜಂಬೂಸವಾರಿ ದಿನದ ಕುಶಾಲತೋಪು. ಏಳು ಫಿರಂಗಿ, ಒಂದೊಂದಕ್ಕೆ ಮೂರು ಸುತ್ತು, ಒಟ್ಟು 21. ಗುಂಡು ಇರಲ್ಲ, ಬರೀ ಮದ್ದು, ಸದ್ದು, ಹೊಗೆ. ಆನೆ-ಕುದುರೆಗಳು ಬೆದರಬಾರದು ಅಂತ ದಸರಾಕ್ಕೆ ಮುಂಚೆ ಅವುಗಳ ಎದುರೇ ಹಾರಿಸಿ ಅಭ್ಯಾಸ ಮಾಡಿಸ್ತಾರೆ. ಅದನ್ನ ಟೀವಿಯಲ್ಲಿ ನೋಡಿದ ನನ್ನ ಅಕ್ಕನ ಮಗ, ಒಂಬತ್ತು ವರ್ಷದವನು, "ಮಾಮ, ನಾವೂ ಒಂದು ತೋಪು ಮಾಡೋಣ" ಅಂತ ಗಂಟುಬಿದ್ದ.

ಬೆಂಕಿ, ಮದ್ದು, ಸ್ಪ್ರೇ ಯಾವುದೂ ಇಲ್ಲ ಅಂತ ಮೊದಲೇ ಕರಾರಾಯ್ತು. ಉಳಿದಿದ್ದು ಗಾಳಿ ಮತ್ತು ಅಡುಗೆಮನೆಯ ಆಲೂಗಡ್ಡೆ. ಅರ್ಧ ಇಂಚಿನ ಪೈಪನ್ನ ಹಸಿ ಆಲೂಗಡ್ಡೆಗೆ ಚುಚ್ಚಿ ತೆಗೆದರೆ ತುದಿಯಲ್ಲಿ ಒಂದು ಬಿರಡೆ ಕೂರುತ್ತೆ. ಇನ್ನೊಂದು ತುದಿಗೂ ಹಾಗೇ. ಹಿಂದಿನ ಬಿರಡೆಯನ್ನ ಕೋಲಿನಿಂದ ಒಳಕ್ಕೆ ದೂಡಿದರೆ ನಡುವೆ ಸಿಕ್ಕ ಗಾಳಿ ಒತ್ತಿಕೊಂಡು, ಮುಂದಿನ ಬಿರಡೆ 'ಟಪ್' ಅಂತ ಹಾರುತ್ತೆ. ಮಲೆನಾಡು, ಕರಾವಳಿಯಲ್ಲಿ ಬೆಳೆದವರು ಈಗಾಗಲೇ ನಗ್ತಿರಬಹುದು. ಬಿದಿರಿನ ಪೆಟ್ಲು ಮಾಡಿ ಕಾಡುಕಾಯಿ ಹಾರಿಸಿದವರಿಗೆ ಇದೇನು ಹೊಸದಲ್ಲ :-)

ಮಜಾ ಇದ್ದದ್ದು ಹುಡುಗನ ಪ್ರಯೋಗದಲ್ಲಿ. ಪೈಪು ಸಿಗೋ ಮುಂಚೆಯೇ ಅವನು ಡ್ರಾಯಿಂಗ್ ಶೀಟ್ ಸುರುಳಿ ಸುತ್ತಿ ಕೊಳವೆ ಮಾಡಿಟ್ಟಿದ್ದ. ಆಲೂಗಡ್ಡೆಯ ನೀರಿಗೆ ಅದು ಮೆತ್ತಗಾಗಿ, ದೂಡಿದ ಕೂಡಲೇ ಪಕ್ಕದಿಂದ ಬಿಚ್ಚಿಕೊಂಡು ಪುಸ್ ಅಂತು. ಪೈಪಿನಲ್ಲಿ ಮಾತ್ರ ಬಿರಡೆ ತಾರಸಿಯ ಆ ಕೊನೆಯ ನೀರಿನ ಟ್ಯಾಂಕಿಗೆ ಬಡೀತು. ಕೈ ಅದೇ, ಗಾಳಿ ಅದೇ, ಆಲೂಗಡ್ಡೆ ಅದೇ. ಕೊಳವೆ ಬೇರೆ.

ಮೈಸೂರು ರಾಕೆಟ್ಟಿನ ಕಥೆ ಇರೋದೂ ಇಲ್ಲೇ. ಅಲ್ಲಿ ಬಿರಡೆ ಬದಲು ಕೊಳವೆಯೇ ಹಾರುತ್ತೆ ಅನ್ನೋದು ನಿಜ, ಆದರೆ ಒಳಗಿನ ಒತ್ತಡ ತಡೆಯೋ ಕೆಲಸ ಕೊಳವೆಯದ್ದೇ. ಹೈದರ್-ಟಿಪ್ಪು ಕಾಲಕ್ಕೆ ರಾಕೆಟ್ ಹೊಸದೇನಲ್ಲ, ಚೀನಾದಲ್ಲಿ ಎಷ್ಟೋ ಶತಮಾನಗಳಿಂದ ಇತ್ತು. ಆದರೆ ಹೆಚ್ಚಿನವುಗಳ ಕೊಳವೆ ಕಾಗದದ್ದು ಇಲ್ಲಾ ಬಿದಿರಿನದ್ದು. ಮೈಸೂರಿನವರು ಕಬ್ಬಿಣದ ತಗಡು ಸುತ್ತಿ ಗೇಣುದ್ದದ ಕೊಳವೆ ಮಾಡಿ, ಮದ್ದನ್ನ ಗಟ್ಟಿಯಾಗಿ ತುಂಬಿ, ಉದ್ದನೆಯ ಬಿದಿರು ಕಟ್ಟಿ ಬಿಟ್ಟರು. ಅದು ಒಂದೂವರೆ-ಎರಡು ಕಿಲೋಮೀಟರ್ ಹೋಗ್ತಿತ್ತು. ಟಿಪ್ಪು ಬಗ್ಗೆ ಜಗಳ ಆಡೋರು ಆಡಲಿ, ನನಗೆ ಸದ್ಯ ಆ ಕೊಳವೆ ಮುಖ್ಯ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಗಾಡಿಗಳು ಸಿಡಿದು ಕಂಪನಿ ಸೈನ್ಯ ಸೋತಿತು. ಸಿಡಿಸಿದ್ದು ರಾಕೆಟ್ ಅಂತ ಕೆಲವರು, ಫಿರಂಗಿ ಅಂತ ಕೆಲವರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ ಆ ಸ್ಫೋಟ ಇದೆ, ಆನೆ ಮೇಲೆ ಹೈದರ್ ಇದ್ದಾನೆ, ಪಲ್ಲಕ್ಕಿಯಲ್ಲಿ ಬೇಯ್ಲಿ ಇದ್ದಾನೆ. ಕೊಳವೆ ಬಡಿದ ಕಮ್ಮಾರ ಮಾತ್ರ ಇಲ್ಲ.

1799ರ ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ (ಮುಂದೆ ನೆಪೋಲಿಯನ್‌ನನ್ನು ಸೋಲಿಸಿದವನು) ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನಪೇಟೆ ತೋಪಿನಲ್ಲಿ ದಾರಿ ತಪ್ಪಿ, ರಾಕೆಟ್ಟು-ಬಂದೂಕುಗಳ ಏಟಿಗೆ ಹಿಂದೆ ಸರಿದ. ಇದು ಮರಗಳ ತೋಪು ಸ್ವಾಮಿ, ಫಿರಂಗಿಯದ್ದಲ್ಲ! ಮಾರನೇ ದಿನ ಅದನ್ನ ಹಿಡಿದುಕೊಂಡರು. ಮೇ 4ಕ್ಕೆ ಪಟ್ಟಣವೇ ಬಿತ್ತು. ಕೋಟೆಯೊಳಗೆ ಸಿಕ್ಕಿದ್ದು ಸಿದ್ಧವಾಗಿದ್ದ 700 ರಾಕೆಟ್, ಮದ್ದು ತುಂಬದ 9000 ಕೊಳವೆ.

ಕೆಲವು ಲಂಡನ್ ಪಕ್ಕದ ವೂಲಿಚ್ ಸೇರಿದವು. ವಿಲಿಯಂ ಕಾಂಗ್ರೀವ್ 1804ರ ಹೊತ್ತಿಗೆ ಪ್ರಯೋಗ ಶುರು ಮಾಡಿದ. ಎಷ್ಟು ಮದ್ದು, ಎಷ್ಟು ದೂರ ಅಂತ ಅಳೆದ, ಬದಲಿಸಿದ, ಪುಸ್ತಕ ಬರೆದ. 1806ರಲ್ಲಿ ಬೊಲೋನ್, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವನ ರಾಕೆಟ್ಟುಗಳು ಬಿದ್ದವು. ಹೆಸರು 'ಕಾಂಗ್ರೀವ್ ರಾಕೆಟ್'. ಡಾಕ್ಯುಮೆಂಟೇಶನ್ ಬರೆದವನ ಹೆಸರಲ್ಲೇ ಪ್ರಾಡಕ್ಟ್ ಹೋಗೋದು ನಮ್ಮ ಆಫೀಸಿನಲ್ಲೂ ಇದೆ, ಬಿಡಿ. ನಮ್ಮ ಕಡೆಯಿಂದ ಈ ಲೆಕ್ಕವನ್ನೆಲ್ಲ ಎಂಜಿನಿಯರ್ ಕಣ್ಣಲ್ಲಿ ಕೂತು ಬರೆದದ್ದು ಬೆಂಗಳೂರಿನ ಎನ್‌ಎಎಲ್‌ನ ರೊದ್ದಂ ನರಸಿಂಹ, ಅದೂ 1985ರಲ್ಲಿ.

ಕೊಳವೆಗಳು ಮಾತ್ರ ಎಲ್ಲೂ ಹೋಗಿರಲಿಲ್ಲ. ಹೈದರ್ 1763ರಲ್ಲಿ ಗೆದ್ದ ಬಿದನೂರು, ಅಂದರೆ ಹೊಸನಗರ ತಾಲೂಕಿನ ನಗರ, ಅಲ್ಲಿನ ಹಾಳುಬಾವಿಯಲ್ಲಿ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ತುಂಡು ಸಿಕ್ಕವು. ಫಿರಂಗಿ ಗುಂಡು ಅಂದುಕೊಂಡು ಶಿವಮೊಗ್ಗದ ಮ್ಯೂಸಿಯಂನಲ್ಲಿ ಇಟ್ಟಿದ್ದರು. ರಾಕೆಟ್ ಅಂತ ಗೊತ್ತಾಗೋಕೆ ವರ್ಷಗಳೇ ಹಿಡಿದವು. 2018ರಲ್ಲಿ ಪುರಾತತ್ವ ಇಲಾಖೆಯವರು ಅಲ್ಲೇ ಮತ್ತೆ ಅಗೆದಾಗ ಸಾವಿರಕ್ಕೂ ಹೆಚ್ಚು ಬಂದವು. ಬಾವಿಯ ಮಣ್ಣು ಆಗಲೂ ಮದ್ದಿನ ವಾಸನೆ ಹೊಡೀತಿತ್ತಂತೆ.