ಕಂಡಿಕೆಯ ಲೆಕ್ಕ

ಮುಧೋಳ ಅಂದ ಕೂಡಲೇ ಓದುಬರಹ ಬಲ್ಲವರಿಗೆ ರನ್ನ ನೆನಪಾಗುತ್ತಾನೆ. 'ಗದಾಯುದ್ಧ'ದ ರನ್ನ, ಕವಿಚಕ್ರವರ್ತಿ. ನನಗೆ ಆತ ಹತ್ತಿರದವನೆನಿಸುವುದು ಬೇರೆ ಕಾರಣಕ್ಕೆ. 949ರಲ್ಲಿ ಹುಟ್ಟಿದ ಆತ ಬಳೆಗಾರರ ಮನೆಯ ಮಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅರಸರ ಆಸ್ಥಾನ ಸೇರಿದ ಮೇಲೂ ಕುಲವನ್ನಾಗಲಿ ಹೆತ್ತವರನ್ನಾಗಲಿ ಮುಚ್ಚಿಡಲಿಲ್ಲ. ಹೆಂಡಂದಿರು ಜಕ್ಕಿ, ಶಾಂತಿ. ಮಗಳಿಗೆ ತನ್ನ ಪೋಷಕಿ ಅತ್ತಿಮಬ್ಬೆಯ ಹೆಸರನ್ನೇ ಇಟ್ಟ. ಸಾವಿರ ವರ್ಷದ ಹಿಂದಿನ ಒಂದು ಬಳೆಗಾರರ ಮನೆಯ ಹೆಂಗಸರ ಹೆಸರು ನಮಗೆ ಇಷ್ಟು ಗೊತ್ತು. ನನ್ನ ಟ್ರಂಕಿನಲ್ಲಿರುವ ಇಲಕಲ್ ಸೀರೆಯ ಮೇಲೆ ಮಾತ್ರ ಯಾರ ಹೆಸರೂ ಇಲ್ಲ.

ಹಾಗೆ ನೋಡಿದರೆ ಆ ಸೀರೆ ಇಲಕಲ್ಲಿನದೇ ಅಲ್ಲ, ಬನಹಟ್ಟಿಯದು. ನೇಯ್ದ ಊರು ಯಾವುದೇ ಇರಲಿ, ಹೆಸರು ಇಲಕಲ್ಲಿನದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿಯ ಪಟವರ್ಧನರಿಗೆ. ಅಕ್ಕಪಕ್ಕದ ಎರಡು ಊರಿಗೆ ಇಬ್ಬರು ಅರಸರು. ಮಗ್ಗದ ಸಪ್ಪಳ ಮಾತ್ರ ಒಂದೇ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವು ಮೈಸೂರು ರಾಜ್ಯದವರಾದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯವರು. ರಾಜ್ಯ, ಜಿಲ್ಲೆ ಏನೇ ಬದಲಾದರೂ ಸಾವುಕಾರನಿಂದ ನೂಲು ತಂದು, ಸೀರೆ ಒಯ್ದುಕೊಟ್ಟು, ಮಜೂರಿ ಎಣಿಸಿಕೊಂಡು ಬರುವ ಪದ್ಧತಿ ಬದಲಾಗಲಿಲ್ಲ.

ಈ ಸೀರೆಯ ಗುಟ್ಟು ಸೆರಗಿನಲ್ಲಿದೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡೂ ಕೂಡುವಲ್ಲಿ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಬೇಕು. ಅದಕ್ಕೇ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಅಣಿಮಾಡಬೇಕು. ಒಮ್ಮೆ ಉದ್ದಕ್ಕೆ ಹಾಸು ಹೂಡಿ ಹತ್ತು ಸೀರೆ ಕತ್ತರಿಸಿಕೊಳ್ಳುವ ಹಾಗಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು: ಹಣಿಗೆಯ ಹಲ್ಲಿನಂಥವು, ಕೋಟೆಯ ತೆನೆಯಂಥವು, ನಮ್ಮ ಹೊಲದ ಜೋಳದ ತೆನೆಯಂಥವು. ಕಣ್ಣೆದುರಿಗಿದ್ದುದನ್ನೇ ನೇಯ್ದರು.

ಮಗ್ಗದ ಕುಣಿಯಲ್ಲಿ ಕಾಲಿಟ್ಟು ಲಾಳಿ ಎಸೆಯುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಆ ಲಾಳಿಯೊಳಗೆ ಕಂಡಿಕೆ ಇರಬೇಕಲ್ಲ! ಬನಹಟ್ಟಿಯ ನಮ್ಮ ಚಿಗವ್ವ ಬೆಳಗಿನ ರೊಟ್ಟಿ ಬಡಿದು ಮುಗಿಸಿದವಳೇ ರಾಟಿಯ ಮುಂದೆ ಕೂಡುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೂ ಕೈ ನೂಲಿನ ಮೇಲೆಯೇ. ಗಂಜಿ ಕಾಸುವುದು, ಹರಿದ ಎಳೆ ಕೂಡಿಸುವುದು, ಕೊಂಡಿಗೆ ಕೈ ಹಚ್ಚುವುದು ಎಲ್ಲಾ ಅವಳ ಪಾಲು. ಸೂಟಿಗೆ ಹೋದಾಗ ಒಮ್ಮೆ, "ಚಿಗವ್ವಾ, ನಿನಗೆ ಪಗಾರ ಎಷ್ಟು?" ಎಂದು ಕೇಳಿದ್ದೆ. ನಕ್ಕಳು. "ಸಾವುಕಾರ ಸೀರಿಗೆ ಮಜೂರಿ ಕೊಡ್ತಾನವ್ವಾ, ಕಂಡಿಕಿಗಲ್ಲ."

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಸೀರೆಯ ಮಜೂರಿಯಲ್ಲಿ ಅವಳ ದುಡಿಮೆಯೂ ಸೇರಿದೆ ಎಂದು ಲೆಕ್ಕದವರು ಹೇಳಬಹುದು. ಸೇರಿದ್ದರೆ ಎಷ್ಟು ಅಂತ ಯಾರಾದರೂ ಹೇಳಬೇಕಲ್ಲ? 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಸುಮಾರು 35 ಲಕ್ಷ ಮಂದಿ ಕೈಮಗ್ಗದ ಕೆಲಸದವರನ್ನು ಎಣಿಸಿತು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು! 'ನೇಕಾರ' ಅಂದಾಗ ಮಾತ್ರ ನಮ್ಮ ಕಣ್ಣ ಮುಂದೆ ಬರುವವನು ಗಂಡಸೇ.

ಆಮೇಲೆ ವಿದ್ಯುತ್ ಮಗ್ಗ ಬಂತು. ಸೀರೆ ಅಗ್ಗವಾಯಿತು, ಬಡವರ ಮೈಮೇಲೂ ಹೊಸ ಸೀರೆ ಬಂತು. ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಎಷ್ಟೋ ನೇಕಾರರ ಮನೆ ನಡೆಯುತ್ತಿರುವುದೂ ಅದರಿಂದಲೇ. ಆದರೆ ಯಂತ್ರದ ಸೀರೆಯನ್ನು ಕೈಮಗ್ಗದ್ದೆಂದು ಮಾರುವುದಿದೆಯಲ್ಲ, ಅದು ಕಳವು. ಅದನ್ನು ತಡೆಯಲೆಂದೇ 1985ರಲ್ಲಿ ಕಾಯಿದೆ ಮಾಡಿ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟರು. ವ್ಯಾಜ್ಯ ನಡೆದು 1993ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಮುಂದೆ ಆ 22 ಬಗೆ 11ಕ್ಕೆ ಇಳಿಯಿತು. ಕೊಳ್ಳುವ ನಾವು ಸೆರಗು ತಿರುವಿ ಕೊಂಡಿ ನೋಡುವುದನ್ನು ಕಲಿಯದಿದ್ದರೆ ಯಾವ ಕಾಯಿದೆ ಏನು ಮಾಡೀತು?

ಚಿಗವ್ವನ ಸೊಸೆ ಈಗ ತಾನೇ ಮಗ್ಗದ ಮೇಲೆ ಕೂಡುತ್ತಾಳೆ. ಸಾವುಕಾರನ ಗೊಡವೆಯಿಲ್ಲ, ನೂಲು ತಾನೇ ಕೊಳ್ಳುತ್ತಾಳೆ, ಜಮಖಂಡಿ, ಮುಧೋಳ, ಬೀಳಗಿಯ ಮೇಷ್ಟರ ಮನೆ, ಬ್ಯಾಂಕಿನವರ ಮನೆಗಳಿಗೆ ತಾನೇ ಒಯ್ದು ಮಾರುತ್ತಾಳೆ. ತಿಂಗಳಿಗೆ ಮೂರು, ಬಹಳವೆಂದರೆ ನಾಲ್ಕು ಸೀರೆ. ಕೊಳ್ಳುವವರಿಗೆ ನೋಟುಬುಕ್ಕಿನ ಹಾಳೆಯಲ್ಲಿ ಲೆಕ್ಕ ಬರೆದು ಕೊಡುವುದು ಅವಳ ರೂಢಿ. ನೂಲಿಗೆ ಇಷ್ಟು, ರೇಷ್ಮೆಗೆ ಇಷ್ಟು, ನೇಯ್ಗೆಗೆ ಇಷ್ಟು. ಕೊನೆಗೆ ಇನ್ನೊಂದು ಸಾಲು: 'ಕಂಡಿಕೆ, ಅತ್ತಿಯವರದು.' ಗಿರಾಕಿಗಳು ಚೌಕಾಸಿಗೆ ಇಳಿದರೆ ನೇಯ್ಗೆಯ ಸಾಲಿನಲ್ಲಿ ಐವತ್ತೋ ನೂರೋ ಬಿಡುತ್ತಾಳೆ. ಕೊನೆಯ ಸಾಲಿಗೆ ಕೈ ಹಚ್ಚುವುದಿಲ್ಲ.